ಪ್ರೊಬೇಷನ್ ಷರತ್ತು ತಪ್ಪಿ ಸಮನ್ಸ್ ಬಂದರೆ

ನನ್ನ ತಮ್ಮನಿಗೆ ಜೈಲಿನ ಬದಲು ಒಳ್ಳೆ ನಡತೆಯ ಬಾಂಡ್ ಮೇಲೆ ಬಿಡುಗಡೆ, ಅಂದ್ರೆ ಪ್ರೊಬೇಷನ್, ಸಿಕ್ಕಿತ್ತು. ಕಬ್ಬು ಕಡಿಯಲು ಹೋಗಿ ಎರಡು ಸಲ ಪ್ರೊಬೇಷನ್ ಅಧಿಕಾರಿಯ ಮುಂದೆ ಹಾಜರಾಗಲಿಲ್ಲ. ಮಂಡ್ಯದ ಮನೆಗೆ ಕೋರ್ಟಿನ ಸಮನ್ಸ್ ಬಂತು. "ಅಕ್ಕಾ, ಊರು ಬಿಟ್ಟುಬಿಡ್ತೀನಿ" ಅಂದ. ದಯವಿಟ್ಟು ಆ ತಪ್ಪು ಮಾಡಬೇಡಿ. ತಪ್ಪಿಸಿಕೊಂಡರೆ ವಾರಂಟ್ ಬರಬಹುದು.

ಮೊದಲು ಬಾಂಡಿನ ಪ್ರತಿ ಹುಡುಕಿ, ಷರತ್ತುಗಳನ್ನು ಒಂದೊಂದೇ ಓದಿ. ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಂಗಸರು, ಪರಿಶಿಷ್ಟ ಜಾತಿ, ಪಂಗಡದವರು, ಕಸ್ಟಡಿಯಲ್ಲಿ ಇರುವವರು ಆದಾಯ ಎಷ್ಟಿದ್ದರೂ ಉಚಿತ ನೆರವು ಕೇಳಬಹುದು. ಬೇರೆಯವರಿಗೆ ಆದಾಯದ ಮಿತಿ ಇದೆ.

1958ರ ಪ್ರೊಬೇಷನ್ ಕಾಯ್ದೆಯ 9ನೇ ಕಲಂ ಬಗ್ಗೆ ವಕೀಲರನ್ನು ಕೇಳಲೇಬೇಕು. ಮೊದಲ ಸಲದ ತಪ್ಪಾದರೆ ಬಾಂಡ್ ಉಳಿಸಿ, 50 ರೂಪಾಯಿವರೆಗೆ ದಂಡ ಹಾಕುವ ಅವಕಾಶ ಕೋರ್ಟಿಗಿದೆ. ಹಳೆಯ ಅಪರಾಧಕ್ಕೇ ಶಿಕ್ಷೆ ಕೊಡಲೂಬಹುದು. ಅದಕ್ಕೇ, ಹಾಜರಾಗದ ಕಾರಣಕ್ಕೆ ದಾಖಲೆ ಬೇಕು, ಅಲ್ವಾ? ನಾವು ಕಬ್ಬಿನ ಮೇಸ್ತ್ರಿಯಿಂದ ಕೆಲಸದ ದಿನಗಳನ್ನು ಬರೆಸಿ, ಸಹಿ ಹಾಕಿಸಿಕೊಂಡೆವು. ವಿಚಾರಣೆಗೆ ಮುಂಚೆಯೇ ತಮ್ಮನೇ ಪ್ರೊಬೇಷನ್ ಅಧಿಕಾರಿಯ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿಕೊಂಡ.