ಪಕ್ಕದ ಕುರ್ಚಿಗೊಬ್ಬರು: ನಾಟಕವನ್ನು ಜೊತೆಯಾಗಿ ನೋಡುವ ಬಗೆ

ನಾಟಕಕ್ಕೆ ಇನ್ನೊಬ್ಬರನ್ನು ಕರೆದೊಯ್ಯುವವರು ಸಾಮಾನ್ಯವಾಗಿ ಮಾಡುವ ಮೊದಲ ತಪ್ಪೆಂದರೆ ತಮಗೆ ತೀರ ಪ್ರಿಯವಾದ ನಾಟಕವನ್ನೇ ಆರಿಸುವುದು. ನಾನೂ ಅದನ್ನೇ ಮಾಡಿದ್ದೆ. ಎರಡು ಸಲ ನೋಡಿ ಮೆಚ್ಚಿದ್ದ ಮೂರು ಗಂಟೆಗಳ ನಾಟಕವೊಂದಕ್ಕೆ, ಅದುವರೆಗೆ ರಂಗಮಂದಿರದೊಳಗೆ ಕಾಲಿಡದಿದ್ದ ಗೆಳೆಯನೊಬ್ಬನನ್ನು ಕರೆದೊಯ್ದು, ನನಗೆ ಇಷ್ಟವಾದ ಮಾತು ಬರುವ ಹೊತ್ತಿಗೆ ಸರಿಯಾಗಿ ಅವನ ಮುಖ ನೋಡುತ್ತಿದ್ದೆ. ಅವನು ನಕ್ಕ, ತಲೆದೂಗಿದ, ಒಂದೆರಡು ಕಡೆ ನಿಟ್ಟುಸಿರನ್ನೂ ಬಿಟ್ಟ. ಹೊರಗೆ ಬಂದು ಸ್ವಲ್ಪ ದೂರ ನಡೆದ ಮೇಲೆ, "ನೀನು ನನ್ನನ್ನೇ ನೋಡುತ್ತಿದ್ದೆಯಲ್ಲ, ಅದಕ್ಕೆ ನಗಬೇಕಾಯಿತು" ಎಂದ. ಮೂರು ಗಂಟೆಗಳ ಕಾಲ ಆತ ನನ್ನ ನಿರೀಕ್ಷೆಗೆ ತಕ್ಕ ಹಾಗೆ ಅಭಿನಯಿಸುತ್ತ ಕೂತಿದ್ದನೆಂಬುದು ನನಗೆ ಅರಿವಾದದ್ದು ಆಗಲೇ.

ಇಲ್ಲಿ ಹೇಳಹೊರಟಿರುವುದು ಬಹುಮಟ್ಟಿಗೆ ಆ ಸಂಜೆಯ ತಪ್ಪಿನಿಂದ ಕಲಿತದ್ದು. ಸಂಸ್ಕೃತ ನಾಟಕಗಳ ಪ್ರಸ್ತಾವನೆಯಲ್ಲಿ ಸೂತ್ರಧಾರ ಬರುತ್ತಾನೆ. ಕವಿ ಯಾರು, ಆಡಲಿರುವುದು ಯಾವ ನಾಟಕ ಎಂಬುದನ್ನು ನಾಲ್ಕು ಮಾತಿನಲ್ಲಿ ತಿಳಿಸಿ, ಸಭೆಯ ಗಮನವನ್ನು ಕಥೆಯ ಕಡೆಗೆ ತಿರುಗಿಸಿ ಹೊರಟುಹೋಗುತ್ತಾನೆ. ದೃಶ್ಯದ ನಡುವೆ ಬಂದು ಅರ್ಥ ಬಿಡಿಸಿ ಹೇಳುವುದಿಲ್ಲ. ಜೊತೆಗಾರರನ್ನು ನಾಟಕಕ್ಕೆ ಕರೆದೊಯ್ಯುವವರ ಕೆಲಸವೂ ಇಷ್ಟೇ ಎಂಬುದು ನನ್ನ ಅಭಿಪ್ರಾಯ. ದಾರಿಯಲ್ಲಿರುವ ಅಡ್ಡಿಗಳನ್ನೆಲ್ಲ ಮೊದಲೇ ತೆಗೆದಿಟ್ಟು, ದೀಪ ಆರುವ ಹೊತ್ತಿಗೆ ತಾವೂ ಒಬ್ಬ ಪ್ರೇಕ್ಷಕರಾಗಿಬಿಡಬೇಕು.

ಮೊದಲ ಸಲಕ್ಕೆ ಒಬ್ಬರನ್ನೇ ಕರೆಯಿರಿ. ಹತ್ತು ಜನರ ಗುಂಪು ಕಟ್ಟಿಕೊಂಡು ಹೋದರೆ ಯಾರು ಎಲ್ಲಿ ಕೂರಬೇಕು, ಯಾರು ಇನ್ನೂ ಬಂದಿಲ್ಲ ಎಂಬ ಚಿಂತೆಯಲ್ಲೇ ಮೊದಲ ದೃಶ್ಯ ಕಳೆದುಹೋಗುತ್ತದೆ. ಕರೆಯಬೇಕಾದವರು ಯಾರೆಂಬುದು ನಿಶ್ಚಯವಾದ ಮೇಲೆಯೇ ನಾಟಕ ಯಾವುದೆಂದು ಯೋಚಿಸುವುದು ಸರಿಯಾದ ಕ್ರಮ. ಆ ವ್ಯಕ್ತಿಯ ಕಣ್ಣು ಕಿವಿಗಳು ದಿನವಿಡೀ ಯಾವುದರ ಮೇಲಿರುತ್ತವೆ ಎಂಬುದನ್ನು ನೆನಪಿಸಿಕೊಂಡರೆ ಆಯ್ಕೆ ಸುಲಭವಾಗುತ್ತದೆ. ಮರಗೆಲಸ ಬಲ್ಲವರು ಸಂಭಾಷಣೆಗಿಂತ ಮೊದಲು ರಂಗಸಜ್ಜಿಕೆಯನ್ನು ನೋಡುತ್ತಾರೆ. ಈಗ ಮೇಜಾಗಿದ್ದದ್ದು ಮುಂದಿನ ದೃಶ್ಯದಲ್ಲಿ ದೋಣಿಯಾದ ಬಗೆ ಅವರಿಗೆ ಇಡೀ ಕಥೆಗಿಂತ ದೊಡ್ಡದೆನಿಸಬಹುದು. ಮನೆಯಲ್ಲಿ ಕಾಯಿಲೆಯವರ ಆರೈಕೆ ಮಾಡಿ ದಣಿದವರಿಗೆ ಅದೇ ವಸ್ತುವಿರುವ ನಾಟಕ ಬೇಕೆನಿಸಬಹುದು, ಅಥವಾ ಅದೊಂದನ್ನು ಬಿಟ್ಟು ಬೇರೆ ಏನಾದರೂ ಸಾಕೆನಿಸಬಹುದು. ಇಂಥದನ್ನು ಊಹಿಸುವ ಬದಲು ನೇರವಾಗಿ ಕೇಳಿಬಿಡುವುದೇ ಮೇಲು. ಅವಧಿಯ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ: ರೂಢಿಯಿಲ್ಲದವರಿಗೆ ವಿರಾಮವಿಲ್ಲದ 75ರಿಂದ 90 ನಿಮಿಷಗಳ ನಾಟಕ ಸಾಕು, ಇನ್ನೂ ಸ್ವಲ್ಪ ಇರಬೇಕಿತ್ತು ಎನ್ನಿಸುವಾಗಲೇ ಮುಗಿದರೆ ಇನ್ನೂ ಒಳ್ಳೆಯದು. ಹಾಸ್ಯ ನಾಟಕವಾದರೆ ಜನ ತುಂಬುವ ದಿನವನ್ನು ಆರಿಸಿ, ಏಕೆಂದರೆ ಖಾಲಿ ಕುರ್ಚಿಗಳ ನಡುವೆ ನಗು ಹರಡುವುದಿಲ್ಲ. ಒಬ್ಬರು ನಕ್ಕು, ಸುತ್ತ ಯಾರೂ ನಗದಿರುವುದನ್ನು ಕಂಡು ಸುಮ್ಮನಾಗಿಬಿಡುತ್ತಾರೆ.

ಇನ್ನು ಕೂರುವ ಜಾಗದ ವಿಷಯ. ಇದನ್ನು ಬಹಳ ಮಂದಿ ಹಗುರವಾಗಿ ತೆಗೆದುಕೊಳ್ಳುತ್ತಾರೆ. ರಂಗಕಲೆಯ ಪ್ರಾಚೀನ ಸಂಸ್ಕೃತ ಗ್ರಂಥವಾದ ಭರತನ ನಾಟ್ಯಶಾಸ್ತ್ರ ಹಾಗೆ ತೆಗೆದುಕೊಂಡಿಲ್ಲ. ಮನುಷ್ಯರಿಗೆ ತಕ್ಕ ನಾಟ್ಯಗೃಹ 64 ಹಸ್ತ ಉದ್ದ, 32 ಹಸ್ತ ಅಗಲ ಇರಬೇಕೆಂದೂ, ಅದಕ್ಕಿಂತ ದೊಡ್ಡದಾದರೆ ಮಾತು ಸ್ಪಷ್ಟವಾಗಿ ಕೇಳದೆ, ಮುಖದ ಭಾವ ಕಾಣದೆ ಹೋಗುತ್ತದೆಂದೂ ಅದು ಎಚ್ಚರಿಸುತ್ತದೆ. ಆ ಉದ್ದದಲ್ಲಿ ಅರ್ಧ ಭಾಗ ರಂಗಕ್ಕೂ ನೇಪಥ್ಯಕ್ಕೂ ಹೋಗುವುದರಿಂದ ಪ್ರೇಕ್ಷಕರ ಪಾಲಿಗೆ ಉಳಿಯುವುದು 32 ಹಸ್ತ. ಒಂದು ಹಸ್ತವೆಂದರೆ ಸುಮಾರು ಒಂದೂವರೆ ಅಡಿ ಎಂದು ಹಿಡಿದರೆ ಕಟ್ಟಕಡೆಯ ಪ್ರೇಕ್ಷಕನೂ ರಂಗದಿಂದ 48 ಅಡಿಗಿಂತ ಆಚೆ ಇರುವುದಿಲ್ಲ. ಇಂದಿನ ಯಾವ ರಂಗಮಂದಿರಕ್ಕೆ ಹೋದರೂ ಈ ಅಳತೆ ಉಪಯೋಗಕ್ಕೆ ಬರುತ್ತದೆ. ಮೊದಲ ಸಾಲು ಗೌರವದ ಸ್ಥಾನವೆಂದು ತೋರಿದರೂ ಅಲ್ಲಿ ಕೂತವರು ಕತ್ತು ಮೇಲೆತ್ತಿಯೇ ಇರಬೇಕಾಗುತ್ತದೆ, ಮತ್ತು ರಂಗದ ಎರಡು ತುದಿಗಳಲ್ಲಿ ನಡೆಯುವುದು ಒಟ್ಟಿಗೆ ಕಣ್ಣಿಗೆ ಬೀಳುವುದಿಲ್ಲ. ನಾಲ್ಕನೆಯ ಸಾಲಿನಿಂದ ಎಂಟನೆಯ ಸಾಲಿನವರೆಗೆ, ನಡುವಿಗೆ ಹತ್ತಿರವಾಗಿ ಜಾಗ ಸಿಕ್ಕಿದರೆ ಅದೇ ಉತ್ತಮ. ದೊಡ್ಡ ಮಂದಿರದಲ್ಲಿ ಕೆಳಗಿನ ಹಿಂಭಾಗಕ್ಕಿಂತ ಬಾಲ್ಕನಿಯ ಮೊದಲ ಸಾಲು ಎಷ್ಟೋ ವಾಸಿ.

ಅಡ್ಡಿಗಳನ್ನು ತೆಗೆದಿಡುವುದೆಂದರೆ ಕೆಲವರ ಪಾಲಿಗೆ ಇದಕ್ಕಿಂತ ಹೆಚ್ಚಿನ ಕೆಲಸ. ಶ್ರವಣಸಾಧನ ಬಳಸುವವರು ಜೊತೆಗಿದ್ದರೆ ಆ ಮಂದಿರದಲ್ಲಿ ಇಂಡಕ್ಷನ್ ಲೂಪ್ ಇದೆಯೇ ಎಂದು ಮೊದಲೇ ವಿಚಾರಿಸಿ. ಇದ್ದರೆ, ಸಾಧನದಲ್ಲಿ ಆ ಸೌಲಭ್ಯವಿರುವವರು ಅದನ್ನು 'ಟಿ' ಸ್ಥಾನಕ್ಕೆ ತಿರುಗಿಸಿದಾಗ ಮೈಕಿನ ಧ್ವನಿ ಸುತ್ತಲಿನ ಗದ್ದಲ ಬೆರೆಯದೆ ನೇರವಾಗಿ ಕಿವಿಗೆ ಬರುತ್ತದೆ, ಆದರೆ ಲೂಪ್ ಎಲ್ಲ ಸಾಲುಗಳನ್ನೂ ಸಮನಾಗಿ ತಲುಪದೆ ಇರಬಹುದಾದ್ದರಿಂದ ಯಾವ ಸಾಲಿನಲ್ಲಿ ಚೆನ್ನಾಗಿ ಕೇಳುತ್ತದೆಂದೂ ಕೇಳಬೇಕು. ಸಂಭಾಷಣೆಯನ್ನು ಅಕ್ಷರರೂಪದಲ್ಲಿ ತೋರಿಸುವ ಪ್ರದರ್ಶನವಾದರೆ ಆ ಪರದೆ ಯಾವ ಬದಿಯಲ್ಲಿದೆ ಎಂದು ತಿಳಿದುಕೊಂಡು, ಪರದೆಯೂ ನಟರೂ ಒಂದೇ ನೋಟಕ್ಕೆ ಸಿಗುವಂಥ ಕುರ್ಚಿ ಹಿಡಿಯಿರಿ. ದೃಷ್ಟಿದೋಷವಿರುವವರಿಗೆ ದೃಶ್ಯವಿವರಣೆಯನ್ನು ಹೆಡ್‌ಫೋನಿನಲ್ಲಿ ಕೇಳಿಸುವ ಪ್ರದರ್ಶನಗಳೂ, ಆಟಕ್ಕೆ ಮೊದಲು ರಂಗದ ಮೇಲೆ ನಡೆದಾಡಿ, ವೇಷಭೂಷಣ ಮತ್ತು ಪರಿಕರಗಳನ್ನು ಮುಟ್ಟಿ ನೋಡುವ ಅವಕಾಶವೂ ಹಲವೆಡೆ ಇವೆ. ಗದ್ದಲ ಮತ್ತು ಕತ್ತಲೆ ಸಹಿಸಲಾಗದವರಿಗೆಂದೇ 'ರಿಲ್ಯಾಕ್ಸ್ಡ್' ಪ್ರದರ್ಶನಗಳಿವೆ. ಅಲ್ಲಿ ಸಭೆಯ ದೀಪಗಳನ್ನು ಪೂರ್ತಿ ಆರಿಸುವುದಿಲ್ಲ, ಅಬ್ಬರದ ಸದ್ದುಗಳನ್ನು ತಗ್ಗಿಸಿರುತ್ತಾರೆ, ನಡುವೆ ಎದ್ದು ಹೋಗಿ ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ಇವೆಲ್ಲ ಒಂದು ಫೋನ್ ಕರೆಯಲ್ಲಿ ತಿಳಿಯುವ ಸಂಗತಿಗಳು, ಆ ಕರೆಯನ್ನು ಮಾಡಬೇಕಾದವರು ಕರೆದೊಯ್ಯುವವರೇ.

ಕಥೆಯನ್ನು ಮೊದಲೇ ಹೇಳಬೇಕೇ? ಕ್ರಿಸ್ತಪೂರ್ವ 5ನೆಯ ಶತಮಾನದ ಅಥೆನ್ಸಿನಲ್ಲಿ ದುರಂತ ನಾಟಕ ನೋಡಲು ಬಂದವರಿಗೆ ಬಹುಪಾಲು ಕಥೆಗಳು ಗೊತ್ತೇ ಇದ್ದವು, ಅದರಿಂದ ನಾಟಕಕ್ಕೆ ಯಾವ ನಷ್ಟವೂ ಆಗಲಿಲ್ಲ. ಹಳೆಯ ನಾಟಕವಾದರೆ ಯಾರು ಯಾರಿಗೆ ಏನಾಗಬೇಕು ಎಂಬುದನ್ನು ತಿಳಿಸಿ. ಸಂಬಂಧಗಳ ಗೋಜಲಿನಲ್ಲಿ ಸಿಕ್ಕಿಕೊಂಡವರಿಗೆ ಮೊದಲ ಇಪ್ಪತ್ತು ನಿಮಿಷ ವ್ಯರ್ಥವಾಗುತ್ತದೆ. ಹೊಸ ನಾಟಕವಾದರೆ ಅವಧಿ, ವಿರಾಮ ಇದೆಯೇ ಇಲ್ಲವೇ, ಗುಂಡಿನ ಸದ್ದು ಅಥವಾ ಹಿಂಸೆಯ ದೃಶ್ಯ ಇದೆಯೇ ಎಂಬುದಿಷ್ಟನ್ನು ಹೇಳಿ ಸುಮ್ಮನಿರಿ. "ಕೊನೆಯ ದೃಶ್ಯ ನೋಡಬೇಕು ನೀವು" ಎಂಬ ಮಾತನ್ನಂತೂ ಆಡಲೇಬೇಡಿ. ಅದನ್ನು ಕೇಳಿದವರು ಅಲ್ಲಿಯವರೆಗಿನ ದೃಶ್ಯಗಳನ್ನೆಲ್ಲ ದಾರಿಯ ಮೈಲಿಗಲ್ಲುಗಳಂತೆ ಎಣಿಸುತ್ತ ಕೂರುತ್ತಾರೆ.

ಆಟ ಶುರುವಾಗುವ ಮುನ್ನ ಬಾರಿಸುವ ಮೂರು ಗಂಟೆಗಳಲ್ಲಿ ಮೊದಲನೆಯದಕ್ಕೂ ಮುನ್ನವೇ ಒಳಗಿರಿ. ಮೂರನೆಯ ಗಂಟೆ ಬಾರಿಸುವಾಗ ಓಡಿಬಂದು ಕೂತವರ ಮೈ ಮಾತ್ರ ಕುರ್ಚಿಯಲ್ಲಿರುತ್ತದೆ, ಉಸಿರು ಇನ್ನೂ ಮೆಟ್ಟಿಲ ಮೇಲಿರುತ್ತದೆ.

ಆಟ ಶುರುವಾದ ಮೇಲೆ ಜೊತೆಗಾರರ ಮುಖ ನೋಡದಿರುವುದು ಅಭ್ಯಾಸದಿಂದ ಮಾತ್ರ ಬರುವ ಶಿಸ್ತು. ಹಾಗಾದರೆ ಹಂಚಿಕೊಳ್ಳುವುದು ಎಲ್ಲಿ ಎಂದು ಕೇಳಬಹುದು. ಅದು ನಡೆಯುವುದು ಪಕ್ಕದಿಂದ: ಅವರ ಉಸಿರು ನಿಂತದ್ದು, ಕಾಲು ಅಲುಗಾಡಿಸುತ್ತಿದ್ದವರು ಅಲುಗಾಡಿಸುವುದನ್ನು ಮರೆತದ್ದು, ನೋಡದೆಯೇ ತಿಳಿಯುತ್ತದೆ. ಒಮ್ಮೆ ನಾಟಕವೊಂದರಲ್ಲಿ ಪಾತ್ರಧಾರಿಣಿಯ ಕೊರಳ ಸರ ಹರಿದು ಮಣಿಗಳು ರಂಗದ ಮೇಲೆ ಚೆಲ್ಲಿದವು. ಅದು ನಾಟಕದಲ್ಲಿ ಇದ್ದದ್ದಲ್ಲ. ಒಂದು ಮಣಿ ಉರುಳುತ್ತ ರಂಗದ ಅಂಚಿಗೆ ಬಂದು, ಇನ್ನೇನು ಕೆಳಗೆ ಬೀಳುತ್ತದೆ ಎನ್ನುವಾಗ ನಿಂತಿತು. ಆಕೆ ಮಾತು ನಿಲ್ಲಿಸದೆ, ಮಗನನ್ನು ಗದರಿಸುತ್ತಲೇ ಬಗ್ಗಿ ಒಂದೊಂದನ್ನೇ ಆರಿಸತೊಡಗಿದಳು, ಗದರಿಕೆಯ ಧ್ವನಿ ಮಾತ್ರ ತಾನಾಗಿ ತಗ್ಗಿತು. ಅಂಚಿನ ಮಣಿಯವರೆಗೆ ಅವಳ ಕೈ ಬರುವಷ್ಟರಲ್ಲಿ ಪಕ್ಕದಲ್ಲಿದ್ದ ನನ್ನ ಚಿಕ್ಕಮ್ಮ ತಮ್ಮ ಕುರ್ಚಿಯ ತುದಿಗೆ ಬಂದಿದ್ದರು, ನಾನೂ ಬಂದಿದ್ದೆ. ಮರುದಿನದ ಪ್ರೇಕ್ಷಕರಿಗೆ ಆ ಮಣಿ ಇರಲಿಲ್ಲ. ಚಿತ್ರೀಕರಿಸಿಟ್ಟ ಸಿನಿಮಾವನ್ನು ಬೇರೆ ಬೇರೆ ದಿನ ನೋಡಿಯೂ ಅದರ ಬಗ್ಗೆ ಮಾತಾಡಬಹುದು. ಇದನ್ನು ಅಂದು ಅಲ್ಲಿದ್ದವರೊಡನೆ ಮಾತ್ರ ಮಾತಾಡಬಹುದು.

ಪ್ರೇಕ್ಷಕನಿಗೆ ನಮ್ಮ ಹಳೆಯ ಶಾಸ್ತ್ರಕಾರರು ಬಳಸುವ ಪದ 'ಸಾಮಾಜಿಕ', ಅಂದರೆ ಸಭೆಗೆ ಸೇರಿದವನು. ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತನು ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ, ಸಾಮಾಜಿಕರೆಲ್ಲರ ಅನುಭವ 'ಏಕಘನ'ವಾದಾಗ, ಎಂದರೆ ಒಂದೇ ಗಟ್ಟಿಯಾಗಿ ಕೂಡಿಕೊಂಡಾಗ, ರಸ ಮತ್ತಷ್ಟು ಪುಷ್ಟವಾಗುತ್ತದೆ ಎನ್ನುತ್ತಾನೆ. 2017ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಸಂಗೀತ ನಾಟಕ ನೋಡುತ್ತಿದ್ದ 12 ಮಂದಿಯ ಹೃದಯಬಡಿತ ಅಳೆದು, ಅವು ಒಂದಕ್ಕೊಂದು ಹೊಂದಿಕೊಂಡು ಏರಿಳಿದವೆಂದು ವರದಿ ಮಾಡಿದರು. 12 ಎಂಬುದು ತೀರ ಸಣ್ಣ ಸಂಖ್ಯೆಯಾದ್ದರಿಂದ ಅದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟಲಾಗದು, ಆದರೂ ಕತ್ತಲಲ್ಲಿ ಕೂತ ಯಾರಿಗೂ ಆ ಮಾತು ಅಪರಿಚಿತವೆನಿಸದು. ನಾಟ್ಯಶಾಸ್ತ್ರವು ಪ್ರಯೋಗದ ಯಶಸ್ಸನ್ನು ಎರಡು ಬಗೆಯಾಗಿ ಹೇಳುತ್ತದೆ. ನಗು, ಉದ್ಗಾರ, ರೋಮಾಂಚನ, ಮೆಚ್ಚಿ ಎದ್ದು ನಿಲ್ಲುವುದು ಇವೆಲ್ಲ ಮಾನುಷೀ ಸಿದ್ಧಿ. ಸಭೆ ತುಂಬಿರುವಾಗ ಸದ್ದಾಗಲಿ ಕಲಕಾಟವಾಗಲಿ ಇಲ್ಲದಿರುವುದು ದೈವೀ ಸಿದ್ಧಿ. ಆದ್ದರಿಂದ ಜೊತೆಗೆ ಬಂದವರು ಗಟ್ಟಿಯಾಗಿ ನಕ್ಕರೂ ಮುಜುಗರಪಡಬೇಡಿ, ಏನೂ ಮಾಡದೆ ಕೂತರೂ ಗಾಬರಿಯಾಗಬೇಡಿ. ಮೊಬೈಲ್ ಮಾತ್ರ ಪೂರ್ತಿ ಆಫ್ ಆಗಿರಲಿ. ಕತ್ತಲಿಗೆ ಕಣ್ಣು ಸಂಪೂರ್ಣವಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕಾಗುತ್ತದೆ, ಒಂದು ಮೊಬೈಲ್ ತೆರೆಯ ಬೆಳಕು ಸುತ್ತಲಿನವರೆಲ್ಲರ ಆ ಹೊಂದಾಣಿಕೆಯನ್ನು ಕ್ಷಣದಲ್ಲಿ ಕೆಡಿಸುತ್ತದೆ. ಸುಮ್ಮನೆ ಕೂರುವುದು ಸ್ವಭಾವಕ್ಕೇ ಒಗ್ಗದವರಿದ್ದಾರೆ, ಅಂಥವರನ್ನು ಬಯಲು ರಂಗದ ಹಗಲು ಪ್ರದರ್ಶನಕ್ಕೆ ಕರೆದೊಯ್ಯಿರಿ. ಷೇಕ್ಸ್‌ಪಿಯರನ ಕಾಲದ ಲಂಡನ್ನಿನ ಬಯಲು ರಂಗಮಂದಿರಗಳಲ್ಲಿ ಆಟ ನಡೆಯುತ್ತಿದ್ದದ್ದು ಮಧ್ಯಾಹ್ನದ ಬೆಳಕಿನಲ್ಲಿ, ಪ್ರೇಕ್ಷಕರ ಮುಖಗಳು ಪರಸ್ಪರ ಕಾಣುತ್ತಿರುವಾಗ. ಸಭೆಯನ್ನು ಕತ್ತಲಾಗಿಸುವ ರೂಢಿ ಗಟ್ಟಿಯಾಗಿ ನೆಲೆಯೂರಿದ್ದು 19ನೆಯ ಶತಮಾನದಲ್ಲಿ.

ವಿರಾಮದಲ್ಲಿ "ಹೇಗನ್ನಿಸುತ್ತಿದೆ?" ಎಂದು ಕೇಳಬೇಡಿ. ಅರ್ಧ ಬೆಂದ ಅಭಿಪ್ರಾಯವನ್ನು ಬಾಯಿಬಿಟ್ಟು ಹೇಳಿದವರು ಉಳಿದರ್ಧದಲ್ಲಿ ಅದನ್ನೇ ಸಮರ್ಥಿಸಿಕೊಳ್ಳುತ್ತ ಕೂರಬೇಕಾಗುತ್ತದೆ. ನೀರು ಕುಡಿದು, ಸ್ವಲ್ಪ ಓಡಾಡಿ ಬನ್ನಿ. ಅವರು ಹೊರಟುಹೋಗೋಣ ಎಂದರೆ ಮುಖ ಸಣ್ಣದು ಮಾಡಿಕೊಳ್ಳದೆ ಹೊರಟುಬಿಡಿ.

ಆಟ ಮುಗಿದ ಮೇಲಿನ ಮೊದಲ ಹತ್ತು ನಿಮಿಷಗಳನ್ನು ಮಾತಿಲ್ಲದೆ ಕಳೆಯಲು ಸಾಧ್ಯವಾದರೆ ಕಳೆಯಿರಿ. ಆಮೇಲೆ ಕೇಳಬೇಕಾದ ಪ್ರಶ್ನೆ "ಇಷ್ಟವಾಯಿತೇ?" ಎಂಬುದಲ್ಲ, ಅದಕ್ಕೆ ಹೌದು, ಇಲ್ಲ ಎಂಬೆರಡೇ ಉತ್ತರ, ಅದೂ ಕರೆದುಕೊಂಡು ಬಂದವರ ಮನಸ್ಸು ನೋಯಬಾರದೆಂಬ ದಾಕ್ಷಿಣ್ಯ ಬೆರೆತ ಉತ್ತರ. "ಈಗ ಕಣ್ಣು ಮುಚ್ಚಿದರೆ ಏನು ಕಾಣುತ್ತದೆ?" ಎಂದು ಕೇಳಿ ನೋಡಿ. ಚಿಕ್ಕಮ್ಮನಿಗೆ ಕಂಡದ್ದು ಮಣಿಯಲ್ಲ. ಮಗನ ಪಾತ್ರದವನು ಆ ಹೊತ್ತಿನಲ್ಲಿ ತನ್ನ ಕಾಲಡಿಗೆ ಬಂದ ಮಣಿಯೊಂದನ್ನು ಹೆಬ್ಬೆರಳಿನಿಂದ ಮೆಲ್ಲನೆ ತಾಯಿಯ ಕಡೆಗೆ ತಳ್ಳಿದ್ದನಂತೆ, ಅಲ್ಲಿಗೆ ಅವನು ಕ್ಷಮೆ ಕೇಳಿದಂತಾಯಿತು ಎಂದರು ಅವರು. ನಾನು ಅವನ ಕಾಲನ್ನು ನೋಡಿಯೇ ಇರಲಿಲ್ಲ. ಇನ್ನೊಬ್ಬರೊಡನೆ ನಾಟಕ ನೋಡಿದ್ದಕ್ಕೆ ಸಿಗುವ ತೃಪ್ತಿ ಯಾವುದೆಂದು ಯಾರಾದರೂ ಕೇಳಿದರೆ ನಾನು ಈ ಹೆಬ್ಬೆರಳನ್ನೇ ತೋರಿಸುತ್ತೇನೆ. ಅವರು ಕಂಡದ್ದು ನೀವು ಕಂಡದ್ದಕ್ಕೆ ವಿರುದ್ಧವಾಗಿದ್ದರೂ ತಿದ್ದಲು ಹೋಗಬೇಡಿ. ನಿರ್ದೇಶಕರ ಉದ್ದೇಶ ಏನಿತ್ತು, ವಿಮರ್ಶೆಯಲ್ಲಿ ಏನು ಬಂದಿತ್ತು ಎಂಬುದನ್ನೆಲ್ಲ ಅವರು ಕೇಳಿದರೆ ಮಾತ್ರ ಹೇಳಿ.

ನಾಟಕ ಕೆಟ್ಟದಾಗಿದ್ದರೆ ಕ್ಷಮೆ ಕೇಳುವ ಅಗತ್ಯವಿಲ್ಲ. ನಾಟಕವನ್ನು ಆಡಿದವರು ನೀವಲ್ಲ. ಅದು ಎಲ್ಲಿ ದಾರಿ ತಪ್ಪಿತೆಂದು ಇಬ್ಬರು ಸೇರಿ ಹುಡುಕುವುದು ಎಷ್ಟೋ ಸಲ ಒಳ್ಳೆಯ ನಾಟಕದ ಮೇಲಿನ ಮಾತಿಗಿಂತ ಹೆಚ್ಚು ಹೊತ್ತು ನಡೆಯುತ್ತದೆ.

ಒಂದು ಸಂಜೆಗೆ ಯಾರೂ ಸಹೃದಯರಾಗುವುದಿಲ್ಲ. ಕಾವ್ಯದ ನಿರಂತರ ಅಭ್ಯಾಸದಿಂದ ಮನಸ್ಸಿನ ಕನ್ನಡಿ ತಿಳಿಯಾದವರನ್ನೇ ಅಭಿನವಗುಪ್ತ ಸಹೃದಯರೆಂದು ಕರೆದದ್ದು. ಆದಕಾರಣ ಎರಡನೆಯ ಆಹ್ವಾನ ಮೊದಲನೆಯದಕ್ಕಿಂತ ಮುಖ್ಯ, ಅದನ್ನು ಎರಡು ಮೂರು ತಿಂಗಳೊಳಗೆ ಕೊಟ್ಟುಬಿಡಿ. ಒಂದು ಟಿಕೆಟ್ ಹೆಚ್ಚಾಗಿ ಕೊಳ್ಳುವ ಪದ್ಧತಿಯನ್ನು ಇಟ್ಟುಕೊಂಡರೆ ಜೊತೆಗೆ ಬರುವವರು ತಾವಾಗಿ ಸಿಗುತ್ತಾರೆ. ಪ್ರಾಚೀನ ಅಥೆನ್ಸಿನಲ್ಲಿ ನಾಗರಿಕರು ನಾಟಕೋತ್ಸವಕ್ಕೆ ಬರಲೆಂದು ಹಣ ಹಂಚುವ ಥಿಯೋರಿಕಾನ್ ಎಂಬ ಸಾರ್ವಜನಿಕ ನಿಧಿಯೇ ಇತ್ತು. ನಿಮ್ಮ ಆ ಒಂದು ಟಿಕೆಟ್ ಅದರ ಪುಟ್ಟ ರೂಪವೆಂದು ತಿಳಿಯಿರಿ. ಕೆಲವು ಸಂಜೆಗಳ ಬಳಿಕ ನಾಲ್ಕೈದು ಮಂದಿಯ ಬಳಗವೊಂದು ಕೂಡಿಬಂದರೆ, ನೋಡಿದ ನಾಟಕದ ಮುದ್ರಿತ ಪಠ್ಯವನ್ನು ತಂದು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿ ನೋಡಿ. ರಂಗದ ಮೇಲೆ ಸರಳವೆನಿಸಿದ ಮಾತು ಬಾಯಲ್ಲಿ ಎಷ್ಟು ತೊಡಕೆಂಬುದು ಆಗ ತಿಳಿದು, ಮುಂದಿನ ಸಲ ನಟರ ಕಡೆಗಿನ ನೋಟವೇ ಬದಲಾಗಿರುತ್ತದೆ.

ನೀವು ಕರೆದೊಯ್ದವರೇ ಒಂದು ದಿನ ಎರಡು ಟಿಕೆಟ್ ಹಿಡಿದು ನಿಮ್ಮನ್ನು ಕರೆಯಬಹುದು. ಅವರು ಆರಿಸಿದ ನಾಟಕಕ್ಕೆ, ಅವರು ಆರಿಸಿದ ಸಾಲಿನಲ್ಲಿ, ಅದು ಮೊದಲ ಸಾಲೇ ಆಗಿದ್ದರೂ, ಹೋಗಿ ಕೂತುಕೊಳ್ಳಿ; ಆ ನಾಟಕವನ್ನು ಈಗಾಗಲೇ ನೋಡಿದ್ದರೆ ಆ ವಿಷಯವನ್ನು ಆಟ ಮುಗಿಯುವವರೆಗೆ ಹೇಳಬೇಡಿ.