ಅಲಾರಂ ಸುಮ್ಮಸುಮ್ಮನೆ ಕೂಗುತ್ತಿದೆಯಾ? ಮೊದಲು ವೈರ್ ನೋಡಿ

ಕಳ್ಳ ಬಂದಿಲ್ಲ, ಹೊಗೆಯೂ ಇಲ್ಲ, ಆದರೂ ಅಲಾರಂ ಕೂಗುತ್ತದೆ. ಜನ ಮೊದಲು ಸೆನ್ಸರ್ ಬದಲಾಯಿಸುತ್ತಾರೆ, ಆಮೇಲೆ ಎಲ್ಲ ಸೆನ್ಸರ್‌ಗಳ ವೈರ್ ಬಂದು ಸೇರುವ ಪೆಟ್ಟಿಗೆ, ಅಂದರೆ ಪ್ಯಾನೆಲ್ಲನ್ನೇ ಬದಲಾಯಿಸುತ್ತಾರೆ, ಕೊನೆಗೆ ಸಾಕಾಗಿ ಆಫ್ ಮಾಡಿಬಿಡುತ್ತಾರೆ. ಇದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಎಷ್ಟೋ ಕಡೆ ತಪ್ಪು ಇರುವುದು ವೈರ್ ಎಳೆದ ರೀತಿಯಲ್ಲಿ.

ಮೊದಲು ಪ್ಯಾನೆಲ್ಲಿನ ಈವೆಂಟ್ ಲಾಗ್ (ಯಾವಾಗ ಏನಾಯಿತೆಂಬ ದಾಖಲೆ) ನೋಡಿ. ಕೂಗಿದ ಹೊತ್ತಿಗೂ ಪಂಪ್, ಲಿಫ್ಟ್ ಶುರುವಾದ ಹೊತ್ತಿಗೂ ತಾಳೆ ಬಿದ್ದರೆ ಅರ್ಧ ಉತ್ತರ ಸಿಕ್ಕಂತೆ, ಅವುಗಳ ವಿದ್ಯುತ್ ಗದ್ದಲ (ಬೇಡದ ಸಿಗ್ನಲ್) ಸೆನ್ಸರ್ ವೈರಿಗೆ ನುಗ್ಗುತ್ತಿರಬಹುದು. ಕೈ ಹಾಕುವ ಮುಂಚೆ ಅಲಾರಂ ಮೇಲೆ ದೂರದಿಂದ ಕಣ್ಣಿಡುವ ಮಾನಿಟರಿಂಗ್ ಸೆಂಟರ್‌ಗೆ ಹೇಳಿ ಟೆಸ್ಟ್ ಮೋಡ್‌ಗೆ ಹಾಕಿಸಿ, ಮೇನ್ಸ್ ಆಫ್ ಮಾಡಿ, ಬ್ಯಾಟರಿಯನ್ನೂ ಬಿಚ್ಚಿ. ಬೆಂಕಿ ಅಲಾರಂ ಆದರೆ ನೀವು ಮುಟ್ಟಬೇಡಿ, ಅದರ ಕೆಲಸ ಗೊತ್ತಿದ್ದವರನ್ನೇ ಕರೆಸಿ.

ಸೆನ್ಸರ್ ವೈರನ್ನು ಕರೆಂಟ್ ವೈರ್ ಇರುವ ಪೈಪಿನಲ್ಲಿ ಎಳೆಯಲೇಬೇಡಿ. ಪಕ್ಕಪಕ್ಕ ಹೋಗುವುದಾದರೆ 30 ಸೆಂಟಿಮೀಟರ್ ದೂರ ಇರಲಿ, ದಾಟಲೇಬೇಕಾದ ಕಡೆ 90 ಡಿಗ್ರಿ ಕೋನದಲ್ಲಿ ಅಡ್ಡವಾಗಿ ದಾಟಿಸಿ.

ಈಗ ಎಲ್ಲರೂ ಎಡವುವ ಜಾಗ, ಶೀಲ್ಡ್, ಅಂದರೆ ಕೇಬಲ್ ಒಳಗಿನ ವೈರ್‌ಗಳ ಸುತ್ತ ಇರುವ ಲೋಹದ ಹೊದಿಕೆ. ದುಡ್ಡು ಕೊಟ್ಟು ಶೀಲ್ಡ್ ಕೇಬಲ್ ತರುತ್ತಾರೆ, ಆಮೇಲೆ ಎರಡೂ ತುದಿಯನ್ನು ಅರ್ಥ್‌ಗೆ ಕಟ್ಟುತ್ತಾರೆ, ಇಲ್ಲವೇ ಎರಡನ್ನೂ ಹಾಗೇ ಬಿಡುತ್ತಾರೆ. ಎರಡೂ ತಪ್ಪು. ಎರಡು ಜಾಗದ ಅರ್ಥ್ ಯಾವತ್ತೂ ಒಂದೇ ವೋಲ್ಟೇಜ್ ಮಟ್ಟದಲ್ಲಿರುವುದಿಲ್ಲ, ಅಲ್ವಾ? ಆ ವ್ಯತ್ಯಾಸಕ್ಕೆ ಶೀಲ್ಡ್‌ನಲ್ಲೇ ಕರೆಂಟ್ ಹರಿದು, ತಡೆಯಬೇಕಾದ ಗದ್ದಲವನ್ನು ಅದೇ ಒಳಗೆ ತರುತ್ತದೆ. ಕಟ್ಟದೇ ಬಿಟ್ಟರೆ ಆ ಗದ್ದಲ ಇಳಿದು ಹೋಗಲು ದಾರಿಯೇ ಇರುವುದಿಲ್ಲ. ತಯಾರಕರ ಮ್ಯಾನುಯಲ್ ಬೇರೆ ಹೇಳದಿದ್ದರೆ ಪ್ಯಾನೆಲ್ ಕಡೆ ಮಾತ್ರ ಕಟ್ಟಿ. ಸೆನ್ಸರ್ ಕಡೆ ಕತ್ತರಿಸಿ ಸ್ಲೀವ್ ಹಾಕಿ, ಲೋಹದ ಬಾಕ್ಸಿಗೆ ತಾಗಬಾರದು. ಮಧ್ಯೆ ಜಾಯಿಂಟ್ ಇದ್ದರೆ ಶೀಲ್ಡ್ ಅನ್ನೂ ಜೋಡಿಸಿ, ಇದನ್ನು ಮರೆಯುವವರೇ ಜಾಸ್ತಿ. ಕೊನೆಗೆ ಪ್ಯಾನೆಲ್ ಕಡೆಯ ಶೀಲ್ಡ್ ಬಿಚ್ಚಿ, ಅದಕ್ಕೂ ಅರ್ಥ್‌ಗೂ ಮಲ್ಟಿಮೀಟರ್ ಹಿಡಿಯಿರಿ. ಬೀಪ್ ಬಂದರೆ ಎಲ್ಲೋ ತಾಗುತ್ತಿದೆ ಎಂದರ್ಥ, ಹುಡುಕಿ ಸರಿಪಡಿಸಿ ಮತ್ತೆ ಕಟ್ಟಿ.

ಎಂಡ್ ಆಫ್ ಲೈನ್ ರೆಸಿಸ್ಟರ್, ಅಂದರೆ ವೈರ್ ತುಂಡಾದರೆ, ಶಾರ್ಟ್ ಆದರೆ ಪ್ಯಾನೆಲ್‌ಗೆ ಗೊತ್ತಾಗುವಂತೆ ಮಾಡುವ ಪುಟ್ಟ ಭಾಗ, ಸೆನ್ಸರ್ ಒಳಗೇ ಇರಬೇಕು. ಕೆಲಸ ಬೇಗ ಮುಗಿಯಲೆಂದು ಪ್ಯಾನೆಲ್ಲಿನಲ್ಲೇ ಸಿಕ್ಕಿಸಿದರೆ ಆ ಉದ್ದದ ವೈರಿಗೆ ಕಾವಲೇ ಇಲ್ಲ. ಡಿಸಿ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಇದ್ದರೆ, ಆಫ್ ಆಗುವಾಗ ಅದು ಎಬ್ಬಿಸುವ ಗದ್ದಲ ತಡೆಯಲು ಅದರ ಕಾಯಿಲ್‌ನ ಎರಡು ತುದಿಗಳ ನಡುವೆ 1ಎನ್4007 ಡಯೋಡ್ ಹಾಕಿ, ಗೆರೆ ಇರುವ ತುದಿ ಪ್ಲಸ್ ಕಡೆಗೆ.

ವೈರಿಗೆ ತೊಡಿಸುವ ಫೆರೈಟ್ ಉಂಗುರ ಒಳ್ಳೆಯದೇ, ಆದರೆ ಅದು ರೇಡಿಯೋ ಗದ್ದಲಕ್ಕೆ ಮಾತ್ರ. ಮೇನ್ಸ್ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆಗೆ ಏನೂ ಮಾಡದು. ಹೆಸರಿಲ್ಲದ ಅಗ್ಗದ ಎಲ್‌ಇಡಿ ಡ್ರೈವರ್, ಅಡಾಪ್ಟರ್‌ಗಳನ್ನಂತೂ ಪ್ಯಾನೆಲ್ ಹತ್ತಿರ ಇಡಬೇಡಿ, ಗದ್ದಲ ಎಬ್ಬಿಸುವುದರಲ್ಲಿ ಅವು ಎತ್ತಿದ ಕೈ.

ವೈರ್‌ಲೆಸ್ ಸೆನ್ಸರ್ ಆದರೆ ರಿಸೀವರ್ ಅನ್ನು ಲೋಹದ ಕಪಾಟಿನೊಳಗೆ ಇಡಬೇಡಿ, ಆಂಟೆನಾ ಮಡಚಬೇಡಿ. ಜ್ಯಾಮಿಂಗ್ (ಯಾರಾದರೂ ಸಿಗ್ನಲ್ ಅಡಗಿಸುವುದು) ಪತ್ತೆ ಹಚ್ಚುವ ಸೆಟ್ಟಿಂಗ್ ಇದ್ದರೆ ಆನ್ ಇರಲಿ.

ಕೆಲವರು ಸೆನ್ಸಿಟಿವಿಟಿ ಇಳಿಸಿ ಕೈತೊಳೆದುಕೊಳ್ಳುತ್ತಾರೆ. ದಯವಿಟ್ಟು ಬೇಡ, ನಿಜವಾದ ಕಳ್ಳನಿಗೂ ಅದು ಸುಮ್ಮನಿದ್ದುಬಿಡಬಹುದು. ಎಲ್ಲ ಮುಗಿದ ಮೇಲೆ ಬ್ಯಾಟರಿ, ಮೇನ್ಸ್ ಮತ್ತೆ ಹಾಕಿ ಪಂಪ್, ಲಿಫ್ಟ್ ಎಲ್ಲ ಓಡಿಸಿ, ಸೆನ್ಸರ್ ಪಕ್ಕದಲ್ಲೇ ವಾಕಿಟಾಕಿ ಒತ್ತಿ ಮಾತಾಡಿ. ಅಲಾರಂ ಕೂಗದಿದ್ದರೆ ಟೆಸ್ಟ್ ಮೋಡ್ ತೆಗೆಸಿ.