ಪಟ್ಟಿಯಲ್ಲಿಲ್ಲದ ‘ನಿದ್ದೆ’

ಪದವಿ ಕಾಲೇಜಿನಲ್ಲಿ ಮನೋವಿಜ್ಞಾನ ಕಲಿಸುವ ನಾನು ಪ್ರಾಯೋಗಿಕ ತರಗತಿಗೆಂದು 15 ಪದಗಳ ಪಟ್ಟಿಯೊಂದನ್ನು ಇಟ್ಟುಕೊಂಡಿದ್ದೇನೆ: ಹಾಸಿಗೆ, ದಿಂಬು, ಕಂಬಳಿ, ಆಕಳಿಕೆ, ಗೊರಕೆ, ಕನಸು, ತೂಕಡಿಕೆ, ಜೋಗುಳ, ಹೀಗೆ. ‘ನಿದ್ದೆ’ ಎಂಬ ಪದವನ್ನು ಬೇಕೆಂದೇ ಬಿಟ್ಟಿದ್ದೇನೆ. 1995ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಮೆಕ್‌ಡರ್ಮಟ್ ಮುನ್ನೆಲೆಗೆ ತಂದ ಈ ವಿಧಾನದಲ್ಲಿ, ಪಟ್ಟಿಯನ್ನು ಓದಿ ಹೇಳಿ ನೆನಪಿದ್ದಷ್ಟನ್ನು ಬರೆಸಿದಾಗ, ಓದಿ ಹೇಳದ ಆ ಪದವನ್ನೂ ಕೇಳಿದೆವೆಂದು ಬರೆಯುವವರು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ಇಂಗ್ಲಿಷ್ ಪಟ್ಟಿಯ ಅನುವಾದ ಮಾತ್ರ ನನಗೆ ಅಷ್ಟಾಗಿ ಕೈಹಿಡಿಯಲಿಲ್ಲ. ನಿದ್ದೆಯನ್ನು ಎಬ್ಬಿಸಲು ಜೋಗುಳವೇ ಬೇಕಾಯಿತು.

ಕೇಳಿದ ಪದಗಳನ್ನು ಗುಂಪಾಗಿ ನೆನಪಿಸಿಕೊಳ್ಳುವ ಪ್ರಯೋಗದಲ್ಲಿ ಮೊದಲ ವರ್ಷ ಎಡವಿದೆ. ಗದ್ದಲವಾಗದಿರಲೆಂದು ಮೂವರು ಮೂವರಂತೆ ಕೂರಿಸಿ, ಸರದಿಯಂತೆ ಒಂದೊಂದೇ ಪದ ಹೇಳಬೇಕು, ನಡುವೆ ಯಾರೂ ಬಾಯಿ ಹಾಕಬಾರದು ಎಂದು ನಿಯಮ ಮಾಡಿದೆ. ತನ್ನ ಸರದಿಯಲ್ಲಿ ಏನೂ ಹೊಳೆಯದೆ ತಡವರಿಸಿದ ಹುಡುಗನೊಬ್ಬ ‘ನಿದ್ದೆ’ ಎಂದ. ಪಕ್ಕದ ಹುಡುಗಿ ಹುಬ್ಬು ಗಂಟಿಕ್ಕಿದಳಾದರೂ ನಿಯಮಕ್ಕೆ ಕಟ್ಟುಬಿದ್ದು ಸುಮ್ಮನಾದಳು. ಬಳಿಕ ಒಬ್ಬೊಬ್ಬರೇ ಬರೆದಾಗ ಅವಳ ಹಾಳೆಯಲ್ಲೂ ಆ ಪದವಿತ್ತು. ವಿಚಾರಿಸಿದರೆ, “ನೀವೇ ಓದಿದ್ರಿ ಸರ್, ಕನಸು ಆದ್ಮೇಲೆ” ಎಂದಳು.

ಮರುವರ್ಷ ಸರದಿಯನ್ನು ಕೈಬಿಟ್ಟೆ. “ಇಲ್ಲ ಕಣೋ, ತೂಕಡಿಕೆ ಇದ್ದದ್ದು” ಎಂದು ವಾದಿಸಲು ಬಿಟ್ಟಾಗ ಗುಂಪೇ ತಪ್ಪು ಪದಗಳನ್ನು ಹೊಡೆದು ಹಾಕತೊಡಗಿತು. ಆದರೆ ಇದಕ್ಕೂ ಬೆಲೆ ತೆರಬೇಕು. ಗುಂಪು ಕೂಡಿ ನೆನಪಿಸಿಕೊಂಡದ್ದು, ಅಷ್ಟೇ ಜನ ಬೇರೆ ಬೇರೆ ಕುಳಿತು ಬರೆದದ್ದನ್ನು ಪುನರಾವರ್ತನೆ ಕಳೆದು ಒಟ್ಟುಗೂಡಿಸಿದ್ದಕ್ಕಿಂತ ಕಡಿಮೆಯೆಂದು 1997ರಲ್ಲೇ ಸಂಶೋಧಕರಾದ ವೆಲ್ಡನ್ ಮತ್ತು ಬೆಲ್ಲಿಂಜರ್ ತೋರಿಸಿದ್ದರು. ಹಾಸಿಗೆಯಿಂದ ದಿಂಬಿಗೆ, ದಿಂಬಿನಿಂದ ಕಂಬಳಿಗೆ ಹೋಗುತ್ತಿರುವವನ ಕಿವಿಗೆ ಯಾರೋ ‘ಗೊರಕೆ’ ಎಂದರೆ ಅವನ ಎಳೆ ತುಂಡಾಗುತ್ತದೆ. ಉಳಿದವರು ಹೇಳಲಿ ಬಿಡು ಎಂಬ ಸೋಮಾರಿತನಕ್ಕಿಂತ ಇದೇ ದೊಡ್ಡ ಕಾರಣವೆಂಬುದು ನಾನು ಒಪ್ಪುವ ವಿವರಣೆ.

ಆದ್ದರಿಂದ ಈಗ ಮೊದಲು ಒಬ್ಬೊಬ್ಬರೇ ನೀಲಿ ಶಾಯಿಯಲ್ಲಿ ಬರೆದು ಹಾಳೆಯನ್ನು ನನಗೆ ಒಪ್ಪಿಸುತ್ತಾರೆ, ಆಮೇಲೆ ಮುಕ್ತವಾಗಿ ಚರ್ಚಿಸುತ್ತಾರೆ, ಕೊನೆಗೆ ಇನ್ನೊಂದು ಹಾಳೆಯಲ್ಲಿ ಕೆಂಪು ಶಾಯಿಯಿಂದ ಮತ್ತೆ ಒಬ್ಬೊಬ್ಬರೇ ಬರೆಯುತ್ತಾರೆ. ಮರೆತಿದ್ದ ನಿಜವಾದ ಪದಗಳೂ, ಚರ್ಚೆಯಲ್ಲಿ ಅಂಟಿಕೊಂಡ ಸುಳ್ಳು ಪದಗಳೂ ಕೆಂಪಿನಲ್ಲೇ ಬರುತ್ತವೆ. 2003ರ ಗ್ಯಾಬರ್ಟ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಒಂದೇ ಘಟನೆಯನ್ನು ಬೇರೆ ಬೇರೆ ಕೋನದ ವಿಡಿಯೊಗಳಲ್ಲಿ ನೋಡಿ ಚರ್ಚಿಸಿದ ಸಾಕ್ಷಿಗಳಲ್ಲಿ ಶೇ. 71ರಷ್ಟು ಮಂದಿ, ಜೊತೆಗಾರರಿಂದಷ್ಟೇ ತಿಳಿದಿದ್ದ ಒಂದಾದರೂ ವಿವರವನ್ನು ತಮ್ಮ ಹೇಳಿಕೆಯಲ್ಲಿ ಸೇರಿಸಿದ್ದರು. ನನ್ನ ವಿದ್ಯಾರ್ಥಿಗಳೂ ಕೆಂಪು ಪದಗಳನ್ನು ತಮ್ಮ ಸ್ವಂತ ನೆನಪೆಂದೇ ಸಾಧಿಸುತ್ತಾರೆ, ನಾನು ನೀಲಿ ಹಾಳೆಯನ್ನು ಮುಂದಿಡುವವರೆಗೆ.